ಇಸ್ಸಾಕ್ವಾದ ಬೀದಿ ನಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರಾದರೂ ಕಂಡುಹಿಡಿದು ಬೀಗುವುದು ಬೇಡ. ನಾಯಿಯದು ಏನೂ ತಪ್ಪಿರಲಿಲ್ಲ. ಮೊದಲು ಬೊಗಳಿದವನು ನಾನು. ಮಕ್ಕಳು ಆಟಕ್ಕೆ ಬೌ ಬೌ ಅನ್ನುತ್ತಾರಲ್ಲ, ಆ ಥರದ್ದಲ್ಲ. ಮೂರು ವಾರ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ರೂಢಿ ಮಾಡಿದ ಬೊಗಳು ಅದು: ಮೊದಲು ಗಂಟಲೊಳಗೆ ಉರುಳುವ ಗುರುಗುರು, ಆಮೇಲೆ ಎದೆಯಿಂದ ಎರಡು ಸಲ, ಕೊನೆಗೆ ‘ನಿನ್ನಂಥವರನ್ನು ಬಹಳ ನೋಡಿದ್ದೇನೆ’ ಅನ್ನುವ ಹಾಗೆ ಮೂಗಿನಿಂದ ಒಂದು ಉಸಿರು. ನಮ್ಮ ಮನೆಯಿಂದ ಎರಡು ತಿರುವು ಕೆಳಗಿದ್ದ ವಸಂತ್ ಅಂಕಲ್ ಮನೆಯ ಜರ್ಮನ್ ಶೆಫರ್ಡ್ ಬೊಗಳುತ್ತಿದ್ದುದು ಹಾಗೆಯೇ. ಅಷ್ಟು ದೊಡ್ಡ ನಾಯಿಗೆ ಅವರು ಇಟ್ಟಿದ್ದ ಹೆಸರು ಲಡ್ಡು. ನನಗಾಗ ಒಂಬತ್ತು ವರ್ಷ. ಒಂದು ಶನಿವಾರ ಬೆಳಿಗ್ಗೆ, ಕಾಲಿನಿಂದ ತಳ್ಳುವ ನನ್ನ ಸ್ಕೂಟರನ್ನು ಹುಲ್ಲಿನ ಮೇಲೆ ಮಲಗಿಸಿ, ಅವರ ಮರದ ಬೇಲಿಯ ಎರಡು ಹಲಗೆಗಳ ಸಂದಿಗೆ ಬಾಯಿಟ್ಟು, ಲಡ್ಡುವಿಗೆ ಲಡ್ಡುವಿನ ದನಿಯಲ್ಲೇ ಬೊಗಳಿದೆ. ಅದು ದಂಗಾಗಿ ನಿಂತಿತು. ತಾನು ಇಲ್ಲಿರುವಾಗ ತನ್ನ ದನಿ ಬೇಲಿಯಾಚೆ ಏನು ಮಾಡುತ್ತಿದೆ ಎಂದು ಯೋಚಿಸಿರಬೇಕು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಆಟ ಕಳೆಕಟ್ಟಿದ ಮೇಲೆ ಕೈ ಸುಮ್ಮನಿರಬೇಕಲ್ಲ. ಬಲಗೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ ಬೆರಳುಗಳನ್ನು ಬಾಲದ ಹಾಗೆ ಅಲ್ಲಾಡಿಸಿದೆ. ಲಡ್ಡು ಕಚ್ಚಿತು. ನಾನು ಲಡ್ಡು ಆಗಿದ್ದರೂ ಕಚ್ಚುತ್ತಿದ್ದೆ.

ಇಷ್ಟು ತಪ್ಪು ನನ್ನದು. ಮುಂದಿನದು ನನ್ನದಲ್ಲ. ಅದನ್ನು ಹೊತ್ತುಕೋ ಎಂದು ಈಗಲೂ ಮನೆಯಲ್ಲಿ ಯಾರಾದರೂ ನಯವಾಗಿ ಹೇಳುತ್ತಾರೆ. ಹೊತ್ತುಕೊಳ್ಳುವುದಿಲ್ಲ.

ಆಗ ನಾವಿದ್ದದ್ದು ಅಮೆರಿಕದಲ್ಲಿ, ಸೀಯಾಟಲ್ ಪಕ್ಕದ ಇಸ್ಸಾಕ್ವಾದ ಗುಡ್ಡದ ಮೇಲಿನ ಒಂದು ಟೌನ್‌ಹೌಸಿನಲ್ಲಿ. ಕೆಳಗೆ ಗ್ಯಾರೇಜು, ಅದರಲ್ಲಿ ಕಾರಿಗಿಂತ ಹೆಚ್ಚಿನ ಗೌರವ ಅಕ್ಕಿ ಮೂಟೆಗಳಿಗೆ. ನಡುವಿನ ಅಂತಸ್ತಿನಲ್ಲಿ ಅಡುಗೆ, ಊಟದ ಮೇಜು, ಸೋಫಾ, ಅಪ್ಪನ ಲ್ಯಾಪ್‌ಟಾಪು, ದೇವರು ಎಲ್ಲವೂ ಒಂದೇ ಕೋಣೆಯಲ್ಲಿ. ಮೇಲೆ ಮಲಗುವ ಕೋಣೆಗಳು. ಒಗ್ಗರಣೆಗೆ ಮೊದಲು ಅಮ್ಮ ಮೇಲಿನ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಜಾಕೆಟುಗಳಿಗೆ ವಾಸನೆ ಹಿಡಿಯದ ಹಾಗೆ ಒಳಗಿಡಿಸಿ, ‘ರೆಡಿನಾ?’ ಎಂದು ಕೂಗುತ್ತಿದ್ದಳು. ಅಪ್ಪ ಟವೆಲ್ ಹಿಡಿದು ಸ್ಮೋಕ್ ಅಲಾರಂ ಕೆಳಗೆ ನಿಲ್ಲುತ್ತಿದ್ದ. ಸಾಸಿವೆ ಸಿಡಿದ ಕೂಡಲೇ ಬೀಸಲು ಶುರು. ಅದು ಹೊಡೆದುಕೊಳ್ಳದ ದಿನ ನಾನೇ ಮೆಟ್ಟಿಲ ಮೇಲೆ ಕೂತು ಅದರ ಪರವಾಗಿ ಕೂಗುತ್ತಿದ್ದೆ; ಅಪ್ಪ, ಪಾಪ, ಬ್ಯಾಟರಿ ತೆಗೆದಿಟ್ಟ ಅಲಾರಂಗೂ ಒಂದು ಸಲ ಐದು ನಿಮಿಷ ಗಾಳಿ ಹಾಕಿದ. ಗೊತ್ತಾದ ಮೇಲೆ ಬೈಯಲಿಲ್ಲ. ಟವೆಲನ್ನು ನನ್ನ ತಲೆಯ ಮೇಲೆ ಹಾಕಿ ಹೋಗಿ ಮೀಟಿಂಗಿಗೆ ಕೂತ. ಆ ಅಪ್ಪನಿಗೆ ಮೂರು ದನಿಗಳಿದ್ದವು. ಆಫೀಸಿನ ಕಾಲ್‌ಗಳಲ್ಲಿ ಒಂದು ಇಂಗ್ಲಿಷ್ ದನಿ, ಅದರಲ್ಲಿ ಎಲ್ಲರಿಗೂ ಎಲ್ಲದಕ್ಕೂ ‘ಶೂರ್’. ಅಮ್ಮ ಮೈಸೂರಿನವಳಾದ್ದರಿಂದ ಅವಳ ಜೊತೆ ಒಂದು ಇಸ್ತ್ರಿ ಮಾಡಿದ ಕನ್ನಡ. ಗದಗಕ್ಕೆ ಫೋನ್ ಮಾಡಿದಾಗ ಮಾತ್ರ ಬನಿಯನ್ ತೊಟ್ಟು ಕಟ್ಟೆಯ ಮೇಲೆ ಕೂತವನ ಕನ್ನಡ. ಮೂರನ್ನೂ ನಾನು ಹಾಗೇ ನನ್ನ ಬಾಯಲ್ಲಿ ತೆಗೆಯುತ್ತಿದ್ದೆ. ಅಮ್ಮನದನ್ನೂ ತೆಗೆಯುತ್ತಿದ್ದೆ. ಅತಿಥಿಗಳಿಗೆ ‘ಇನ್ನೊಂಚೂರು ಹಾಕ್ಕೊಳಿ’ ಅನ್ನುವಾಗ ಅವಳ ದನಿ ಬಾಗಿಲಲ್ಲಿ ಅಡ್ಡ ನಿಂತು ದಾರಿ ಬಿಡದವರ ಹಾಗಿರುತ್ತಿತ್ತು. ಅತಿಥಿಗಳ ಎದುರಿಗೇ ತೆಗೆದು ತೋರಿಸುತ್ತಿದ್ದೆ. ಅವರು ನಗುತ್ತಿದ್ದರು, ಹೋದ ಮೇಲೆ ನನಗೆ ಪೂಜೆಯಾಗುತ್ತಿತ್ತು.

ಆ ಬೇಸಿಗೆಗೆ ಅಪ್ಪನ ತಾಯಿ ಆರು ತಿಂಗಳಿಗೆಂದು ಗದಗದಿಂದ ಬಂದಳು. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಅಕ್ಕೋರಾಗಿದ್ದವಳು. ನಿವೃತ್ತಿ ಕಾಗದದಲ್ಲಷ್ಟೇ ಆಗಿತ್ತು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ರೊಟ್ಟಿಯ ಬುಟ್ಟಿ ಅವಳ ಕೈಯಲ್ಲಿದ್ದುದರಿಂದ ಇದು ಗಂಭೀರ ವಿಷಯ. ನನಗೆ ಕನ್ನಡ ಅರ್ಥವಾಗುತ್ತಿತ್ತು, ಅಣಕಿಸಲೂ ಬರುತ್ತಿತ್ತು, ಮಾತಾಡಲು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ರೊಟ್ಟಿ ಬೇಕಾದಾಗ ಅಪ್ಪನ ದನಿಯಲ್ಲಿ ಕೇಳಿದೆ, ಸಾಕಾದಾಗ ಅಮ್ಮನ ದನಿಯಲ್ಲಿ ಬೇಡವೆಂದೆ. ಎರಡು ತಿಂಗಳಲ್ಲಿ ನನ್ನ ಹತ್ತಿರ ಒಂದು ಸಂಸಾರಕ್ಕೆ ಸಾಲುವಷ್ಟು ಕನ್ನಡ ಸೇರಿತ್ತು. ಅಷ್ಟೂ ಬೇರೆಯವರ ಬಾಯಿಂದ ಕದ್ದದ್ದು.

ಕಚ್ಚಿಸಿಕೊಂಡ ಆ ಬೆಳಿಗ್ಗೆ ನಾನು ಸ್ಕೂಟರನ್ನು ಅಲ್ಲೇ ಬಿಟ್ಟು ಓಡಿ ಬಂದಾಗ ಅಮ್ಮ ಗ್ಯಾರೇಜಿನಲ್ಲಿ ಬೇಳೆ ತೆಗೆಯುತ್ತಿದ್ದಳು. ‘ಲಡ್ಡು ಕಚ್ಚಿತು’ ಎಂದೆ. ಬೊಗಳಿದ್ದನ್ನು ಹೇಳಲಿಲ್ಲ. ಅಮ್ಮನ ಕೈಯಿಂದ ಡಬ್ಬಿ ಬಿದ್ದ ಸದ್ದಿಗೆ ಆಯಿ ಮೆಟ್ಟಿಲಿಳಿದು ಬಂದಳು, ನನ್ನ ತೋಳನ್ನು ನೋಡಿದಳು, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಸಿಂಕಿನ ನಲ್ಲಿ ತೆರೆದಳು. ಪಾತ್ರೆ ತೊಳೆಯುವ ಸೋಪನ್ನೇ ಸುರಿದಳು. ನಾಲ್ಕು ತೂತು, ಒಂದು ಉದ್ದನೆಯ ಗೀರು. ನೀರು ತಾಗಿದ ಕೂಡಲೇ ನಾನು ಅಲಾರಂ ಆದೆ, ಈ ಸಲ ನಿಜವಾಗಿ. ಅಮ್ಮ ಅರಿಶಿನದ ಡಬ್ಬಿ ಹಿಡಿದು ಬಂದಳು. ಆಯಿ ತಿರುಗಿ ಸಹ ನೋಡಲಿಲ್ಲ.

“ಅದನ್ನ ಪಲ್ಯಾಕ್ಕ ಹಾಕವ್ವ,” ಎಂದಳು. “ಗಾಯಕ್ಕ ಅರಿಶಿಣ ಇಲ್ಲ, ಕಾಪಿ ಪುಡಿ ಇಲ್ಲ, ಖಾರಪುಡಿ ಇಲ್ಲ. ಬಿಗದು ಬಟ್ಟಿ ಕಟ್ಟಾಂಗಿಲ್ಲ. ಸಬಕಾರ, ಹರಿಯೋ ನೀರು, ಹದಿನೈದು ನಿಮಿಷ. ತಮ್ಮಾ, ಎರಡರ ಮಗ್ಗಿ ಸುರು ಮಾಡು.”

ಅವಳ ಶಾಲೆಯಲ್ಲಿ ಗೋಡೆ ಗಡಿಯಾರ ಇರಲಿಲ್ಲವಂತೆ. ನಾಯಿ ಕಚ್ಚಿಸಿಕೊಂಡು ಬಂದ ಮಕ್ಕಳನ್ನು ಬೋರ್‌ವೆಲ್ಲಿನ ಕೆಳಗೆ ನಿಲ್ಲಿಸಿ, ಒಬ್ಬನಿಂದ ಪಂಪು ಹೊಡೆಸಿ, ಎರಡರಿಂದ ಹತ್ತರವರೆಗೆ ಮಗ್ಗಿ ಮೂರು ಸಲ ಹೇಳಿಸುವುದು ಅವಳ ಲೆಕ್ಕ. ಅಳುತ್ತ ಹೇಳಿದರೆ ಸರಿಯಾಗಿ ಹದಿನೈದು ನಿಮಿಷ ಆಗುತ್ತದೆ. ನಾನು ಆಯಿಯದೇ ರಾಗದಲ್ಲಿ ಎರಡೊಂದ್ಲೆ ಎರಡು ಎಂದು ಶುರು ಮಾಡಿದೆ. ಏಳರ ಮಗ್ಗಿಯಲ್ಲಿ ತಪ್ಪಿದಾಗ ಹಿಂದಕ್ಕೆ ಕಳಿಸಿದಳು. ಎರಡನೇ ಸುತ್ತಿಗೆ ನೀರಿನ ಕೆಂಪು ತಿಳಿಯಾಯಿತು. ಮೂರನೇ ಸುತ್ತಿಗೆ ಮೇಲಿನಿಂದ ಅಪ್ಪ ಇಳಿದು ಬಂದು, ನೋಡಿ, ತಾನೂ ಜೊತೆಗೆ ಹೇಳತೊಡಗಿದ, ಬಹುಶಃ ಹಳೆಯ ಭಯಕ್ಕೆ. ಅದು ಮುಗಿದ ಮೇಲೆ ಆಯಿ ನಲ್ಲಿ ನಿಲ್ಲಿಸಿ ಪಾಠದ ಉಳಿದ ಭಾಗಕ್ಕೆ ಬಂದಳು. ಇವತ್ತೇ ಡಾಕ್ಟರ ಹತ್ತಿರ ಹೋಗಬೇಕು. ನಾಯಿ ಯಾರದು ಗೊತ್ತಿರಬೇಕು. ಅದಕ್ಕೆ ಸೂಜಿ ಹಾಕಿಸಿದ್ದಾರೋ ಕೇಳಬೇಕು. ಹತ್ತು ದಿನ ಅದು ಚೆನ್ನಾಗಿರುತ್ತದೋ ನೋಡಬೇಕು.

“ಯಾರ ನಾಯಿ ಅದು?”

ನಾನು ಬಾಯಿ ತೆರೆದೆ. ಅಮ್ಮ ನನಗಿಂತ ಮೊದಲು ತೆರೆದಿದ್ದಳು.

“ಬೀದಿ ನಾಯಿ ಅತ್ತೆ. ಯಾವುದೋ ಬೀದಿ ನಾಯಿ.”

ಅಮ್ಮ ಕೆಟ್ಟವಳಲ್ಲ. ನಾವು ಈ ಊರಿಗೆ ಬಂದ ಹೊಸದರಲ್ಲಿ ಒಂದು ತಿಂಗಳು ವಸಂತ್ ಅಂಕಲ್ ಮನೆಯಲ್ಲಿದ್ದೆವು. ಅಪ್ಪನ ರೆಸ್ಯುಮೆಯನ್ನು ತಮ್ಮ ಕಂಪನಿಯಲ್ಲಿ ಕೊಟ್ಟವರು ಅವರು. ನನಗೆ ಇಲ್ಲಿಯ ಮೊದಲ ಜ್ವರ ಬಂದದ್ದು ಅವರ ಸೋಫಾದ ಮೇಲೆ; ತಲೆಗೆ ಒದ್ದೆ ಬಟ್ಟೆ ಹಾಕಿದವರು ಅವರ ಹೆಂಡತಿ. ಇನ್ನು ಆಯಿಯ ಸ್ವಭಾವ: ಹೆಸರು ಹೇಳಿದರೆ ಅದೇ ಒದ್ದೆ ಸೆರಗಿನಲ್ಲಿ ಎರಡು ತಿರುವು ಇಳಿದು ಅವರ ಬಾಗಿಲಿಗೆ ನಿಂತು ಹಾಜರಿ ತೆಗೆದುಕೊಳ್ಳುವವಳು. ಆದ್ದರಿಂದ ಅಮ್ಮ ಅತ್ತೆಯೊಬ್ಬಳಿಗಷ್ಟೇ ಒಂದು ಸಣ್ಣ ಸುಳ್ಳು ಹೇಳಿದ್ದಳು. ಎಡವಟ್ಟು ಏನೆಂದರೆ, ಆಯಿ ಕ್ಲಿನಿಕ್ಕಿಗೂ ಬಂದು ನಮ್ಮ ಪಕ್ಕದಲ್ಲೇ ಕೂತಳು. ಡಾಕ್ಟರಮ್ಮ ನಾಯಿ ಯಾರದೆಂದು ಕೇಳಿದಾಗ ಅಮ್ಮ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಆಯಿಯನ್ನು ನೋಡಿದಳು, ‘ಸ್ಟ್ರೀಟ್ ಡಾಗ್’ ಎಂದಳು. ಆಯಿಗೆ ಇಂಗ್ಲಿಷಿನಲ್ಲಿ ಆ ಎರಡು ಪದ ಚೆನ್ನಾಗಿ ಗೊತ್ತಿತ್ತು, ತಲೆಯಾಡಿಸಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ನಮ್ಮ ಗುಡ್ಡಕ್ಕೆ ಕಸದ ಡಬ್ಬಿ ಹುಡುಕಿಕೊಂಡು ಕರಡಿ ಬರುತ್ತದೆ. ಕಾಡಿನಿಂದ ತೋಳದ ಜಾತಿಯ ಕಯೋಟಿ ಬರುತ್ತದೆ. ಬೀದಿ ನಾಯಿಯನ್ನು ಅಲ್ಲಿ ಹುಟ್ಟಿ ಬೆಳೆದವರೂ ನೋಡಿರಲಿಲ್ಲ. ಗೊತ್ತಿಲ್ಲದ ನಾಯಿ, ಲಸಿಕೆ ಗೊತ್ತಿಲ್ಲ, ಕಣ್ಣಿಟ್ಟು ನೋಡಲು ನಾಯಿಯೇ ಕೈಯಲ್ಲಿಲ್ಲ. ಹಾಗಾದರೆ ಬೇರೆ ದಾರಿಯಿಲ್ಲ ಎಂದು ಯಾರಿಗೋ ಫೋನ್ ಮಾಡಿ ಬಂದು ಹೇಳಿದರು. ಗಾಯದ ಸುತ್ತಲೂ ಒಂದು ಔಷಧಿ ಚುಚ್ಚಬೇಕು. ಅದಲ್ಲದೆ ತೋಳಿಗೆ ಲಸಿಕೆ: ಇವತ್ತು, ಮಂಗಳವಾರ, ಮುಂದಿನ ಶನಿವಾರ, ಅದರ ಮುಂದಿನ ಶನಿವಾರ.

ಆ ಗಾಯದೊಳಗೆ ಚುಚ್ಚಿದ ಸೂಜಿಯ ಬಗ್ಗೆ ನಾನು ತಮಾಷೆ ಮಾಡುವುದಿಲ್ಲ. ಮಾಡಲು ನೋಡಿದ್ದೇನೆ, ಬರುವುದಿಲ್ಲ. ನಿಜ ಹೇಳಿದರೆ ಇದು ನಿಲ್ಲುತ್ತದೆ ಎಂದು ಆಗಲೇ ನನಗೆ ಗೊತ್ತಿತ್ತು. ಹೇಳಿದರೆ ಬೊಗಳಿದ್ದೂ ಹೊರಗೆ ಬರುತ್ತದೆ ಎಂದೂ ಗೊತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ನಾನೇನು ಹರಿಶ್ಚಂದ್ರನ ಮೊಮ್ಮಗನಲ್ಲ. ವಾಪಸು ಬರುವಾಗ, ಅಪ್ಪ ಓಡಿಸುತ್ತಿದ್ದ ಕಾರಿನಲ್ಲಿ, ಆಯಿ ನನ್ನ ತಲೆ ಸವರಿ, ತಮ್ಮ ಕಾಲದಲ್ಲಿ ಹೊಕ್ಕುಳ ಸುತ್ತ ಹದಿನಾಲ್ಕು ಹಾಕುತ್ತಿದ್ದರು, ನೀನು ನಾಲ್ಕಕ್ಕೆ ಪಾರಾದೆ, ಪುಣ್ಯವಂತ ಎಂದಳು. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅವತ್ತು ಮಧ್ಯಾಹ್ನ ನಾನು ಸೋಫಾದ ಮೇಲೆ ನಿದ್ದೆ ಬಂದವನ ಹಾಗೆ ಮಲಗಿದ್ದೆ. ಆಯಿ ಮೇಲೆ ಮಲಗಿದ್ದಳು. ಅಪ್ಪ ವಸಂತ್ ಅಂಕಲ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ, ಇಸ್ತ್ರಿ ಮಾಡಿದ ದನಿಯಲ್ಲಿ ವಿಷಯ ಹೇಳಿದ. ನಿಮ್ಮ ಹೆಸರು ಎಲ್ಲೂ ಬಂದಿಲ್ಲ, ಚಿಂತೆ ಮಾಡಬೇಡಿ ಎಂದ. ಆ ಕಡೆಯಿಂದ ಬಂದ ಉತ್ತರವನ್ನು ನಾನು ಇವತ್ತಿಗೂ ಅದೇ ಏರಿಳಿತದಲ್ಲಿ ಒಪ್ಪಿಸಬಲ್ಲೆ.

“ಥ್ಯಾಂಕ್ಸ್ ಮಾರಾಯ. ಇಲ್ಲಿ ಒಂದ್ಸಲ ನಾಯಿ ಮೇಲೆ ರಿಪೋರ್ಟ್ ಆದ್ರೆ ಮುಗೀತು, ಕಾಲೊನಿ ಅಸೋಸಿಯೇಷನ್‌ನೋರು ಸಾಕೋಕೆ ಬಿಡಲ್ಲ. ದೊಡ್ಡ ಉಪಕಾರ ಮಾಡಿದೆ. ಹ್ಞಾಂ, ಹುಡುಗ ಹೇಗಿದಾನೆ?”

ಹುಡುಗ ಕೊನೆಯಲ್ಲಿ ಬಂದ. ಲಡ್ಡುವಿಗೆ ಲಸಿಕೆ ಆಗಿದೆಯೇ ಎಂದು ಅಪ್ಪ ಕೇಳಲಿಲ್ಲ, ಅಂಕಲ್ಲೂ ಹೇಳಲಿಲ್ಲ. ಫೋನಿಟ್ಟ ಮೇಲೆ ಅಮ್ಮ ಅದನ್ನೇ ಪಿಸುಗುಟ್ಟಿದಳು. ಅಪ್ಪ, ‘ಹೇಗೆ ಕೇಳೋದು? ಅನುಮಾನ ಪಟ್ಟ ಹಾಗಾಗುತ್ತೆ. ಸೂಜಿ ಹಾಕಿಸಿದ್ರೆ ಒಳ್ಳೇದೇ ಅಲ್ವಾ’ ಎಂದ. ಕಣ್ಣು ಮುಚ್ಚಿಕೊಂಡೇ ನಾನು ಯೋಚಿಸಿದೆ: ಮರ್ಯಾದೆ ಇವರದು, ತೋಳು ನನ್ನದು. ಆ ಸೋಫಾದ ಮೇಲೆ ನನ್ನೊಳಗೆ ಏನೋ ಒಂದು ಮೊಂಡಾಗಿ ಕೂತಿತು. ಅದು ಇನ್ನೂ ಎದ್ದಿಲ್ಲ.

ಬಲಗೈ ಊದಿದ್ದರಿಂದ ಆ ವಾರ ಆಯಿಯೇ ನನಗೆ ಉಣ್ಣಿಸಿದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ, ಮೇಲೆ ಶೇಂಗಾ ಚಟ್ನಿ. ಅಮ್ಮ ಅದರ ಪಕ್ಕದಲ್ಲಿ ಸಾರನ್ನ ಇಡುತ್ತಿದ್ದಳು. ಯಾರ ತುತ್ತು ಮೊದಲು ಎಂಬುದಕ್ಕೆ ಇಬ್ಬರ ನಡುವೆ ಮಾತಿಲ್ಲದ ಯುದ್ಧ. ನಾನು ಎರಡನ್ನೂ ತಿಂದೆ, ಇಬ್ಬರನ್ನೂ ಅವರವರ ದನಿಯಲ್ಲಿ ಹೊಗಳಿದೆ. ಸೋಮವಾರ ಕೌಂಟಿಯಿಂದ, ಅಂದರೆ ಅಲ್ಲಿನ ಜಿಲ್ಲಾಡಳಿತದಿಂದ, ಪ್ರಾಣಿಗಳ ವಿಷಯ ನೋಡಿಕೊಳ್ಳುವ ಆಫೀಸರ್ ಬಂದಳು. ಖಾಕಿ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್, ಬಹಳ ಒಳ್ಳೆಯ ಹೆಂಗಸು. ಆಯಿ ಅವಳಿಗೆ ಚಹಾ ಕೊಟ್ಟಳು. ಆಫೀಸರ್ ನನ್ನ ಮುಂದೆ ಮಂಡಿಯೂರಿ, ಆ ನಾಯಿ ನೋಡಲು ಹೇಗಿತ್ತು ಹೇಳುತ್ತೀಯಾ ಎಂದು ಕೇಳಿದಳು. ಅಮ್ಮ ಸಿಂಕಿನ ಕಡೆ ತಿರುಗಿದಳು. ಯಾರೂ ಏನೂ ಹೇಳಿಕೊಡದಿದ್ದಾಗ ಪಾತ್ರ ಕಟ್ಟುವುದು ನನ್ನ ಕೆಲಸ. ಹಿಂದಿನ ವರ್ಷ ಗದಗಕ್ಕೆ ಹೋದಾಗ ಆಯಿಯ ಓಣಿಯಲ್ಲಿ ಒಂದು ಕರಿ ನಾಯಿ ನೋಡಿದ್ದೆ. ಎಡಗಿವಿ ಅರ್ಧ ಹರಿದದ್ದು, ಹಿಂದಿನ ಬಲಗಾಲು ಎತ್ತಿ ಎತ್ತಿ ನಡೆಯುವುದು, ಬಾಲದ ತುದಿ ಇಲ್ಲ, ಮೂಗಿನ ಮೇಲೆ ಬಿಳಿ ಚುಕ್ಕೆ. ಅದನ್ನೇ ಹೇಳಿದೆ, ಕುಂಟಿ ತೋರಿಸಿದೆ. ಆಫೀಸರ್ ಒಂದೊಂದನ್ನೂ ಬರೆದುಕೊಂಡು, ಇಷ್ಟು ಚೆನ್ನಾಗಿ ಗಮನಿಸುವ ಮಗುವನ್ನು ತಾನು ನೋಡಿಲ್ಲ ಎಂದಳು. ನನಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಖುಷಿಯಾಯಿತು.

ಮಂಗಳವಾರ ಎರಡನೇ ಸೂಜಿ. ಆ ಖುಷಿ ಅಲ್ಲಿಗೆ ಮುಗಿಯಿತು. ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಕಾರಿನಲ್ಲಿ, ನಾನೇನೂ ಕೇಳದಿದ್ದರೂ, ವಸಂತ್ ಅಂಕಲ್ ಮನೆಯ ಸೋಫಾ, ಜ್ವರ, ಒದ್ದೆ ಬಟ್ಟೆ ಎಲ್ಲವನ್ನೂ ಮತ್ತೆ ಹೇಳಿದಳು. ಇನ್ನೆರಡೇ ಅಲ್ವಾ ಪುಟ್ಟ ಎಂದಳು. ನಾನು ವಸಂತ್ ಅಂಕಲ್ ದನಿಯಲ್ಲಿ ‘ದೊಡ್ಡ ಉಪಕಾರ ಮಾಡಿದೆ’ ಎಂದೆ. ಅವಳು ರಸ್ತೆಯ ಪಕ್ಕಕ್ಕೆ ಕಾರು ನಿಲ್ಲಿಸಿದಳು. ಫೋನಿನ ಮಾತು ನಾನು ಕೇಳಿಸಿಕೊಂಡಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಆಗ.

ಗುರುವಾರ ಸಂಜೆ ನಾನೂ ಆಯಿಯೂ ಟಪಾಲು ತರಲು ಹೋದೆವು. ನಮ್ಮ ಸಾಲಿನ ಮನೆಗಳಿಗೆಲ್ಲ ಸೇರಿ ತಿರುವಿನಲ್ಲಿ ಒಂದೇ ಕಡೆ ಟಪಾಲು ಪೆಟ್ಟಿಗೆಗಳಿದ್ದವು. ಅದರ ಪಕ್ಕದ ಕಂಬಕ್ಕೆ ಒಂದು ಹೊಸ ಕಾಗದ ಅಂಟಿಸಿದ್ದರು, ಮೇಲೆ ನಾಯಿಯ ಚಿತ್ರ. ಆಯಿಗೆ ಯಾವ ಕಾಗದ ಕಂಡರೂ ಓದಿಸಬೇಕು. ಏನಂತ ಬರೆದಿದ್ದಾರೆ, ಕನ್ನಡದಲ್ಲಿ ಹೇಳು ಎಂದಳು. ಹೇಳಿದೆ. ಕಚ್ಚುವ ನಾಯಿ ಓಡಾಡುತ್ತಿದೆ, ಮಕ್ಕಳನ್ನು ಒಬ್ಬೊಬ್ಬರನ್ನೇ ಬಿಡಬೇಡಿ, ಕಂಡರೆ ಈ ನಂಬರಿಗೆ ತಿಳಿಸಿ. ಕರಿ ಬಣ್ಣ. ಎಡಗಿವಿ ಹರಿದಿದೆ. ಹಿಂದಿನ ಬಲಗಾಲು ಕುಂಟು. ಬಾಲದ ತುದಿ ಇಲ್ಲ. ಅಲ್ಲಿಯವರೆಗೆ ಕೇಳಿ ಆಯಿ ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದಳು.

“ಮೂಗಿನ ಮ್ಯಾಲ ಬಿಳೆ ಚುಕ್ಕಿ ಐತಿ ಅಂತ ಬರದಾರೇನು?”

“ಹ್ಞೂಂ.”

“ಇದು ನಮ್ಮ ಓಣಿ ಕರ್ಯಾ ಅಲ್ಲೋ? ಅದು ಹಿಟ್ಟಿನ ಗಿರಣಿ ಮುಂದ ಮಲಕ್ಕೊಂಡೈತಿ. ಅದಕ್ಕ ವೀಸಾ ಯಾವಾಗ ಸಿಕ್ತು?”

ಅಲ್ಲಿಂದ ಅವಳು ಅಲ್ಲಾಡಲಿಲ್ಲ. ಕಾರುಗಳು ಹೋದವು, ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟವರು ನಮಗೆ ನಮಸ್ಕಾರ ಮಾಡಿ ಕಂಬದ ಕಾಗದ ನೋಡಿ ತಮ್ಮ ನಾಯಿಯ ಹಗ್ಗ ಗಿಡ್ಡ ಮಾಡಿಕೊಂಡರು. ನಾನು ಎಲ್ಲ ಹೇಳಿದೆ. ಲಡ್ಡು, ಫೋನು, ಅನುಮಾನ ಪಟ್ಟ ಹಾಗಾಗುತ್ತೆ ಅನ್ನುವುದು. ಬೊಗಳಿದ್ದನ್ನೂ ಹೇಳಿದೆ, ಅದನ್ನು ಹೇಳುವಾಗ ಟಪಾಲು ಪೆಟ್ಟಿಗೆ ನೋಡುತ್ತಿದ್ದೆ. ಆಯಿ ಬೈಯುತ್ತಾಳೆ ಎಂದುಕೊಂಡೆ. ಎಷ್ಟು ಸಲ ಬೊಗಳಿದೆ ಎಂದು ಕೇಳಿದಳು. ಮೂರು ಎಂದೆ. ಕೈ ಯಾಕೆ ಒಳಗೆ ಹಾಕಿದೆ ಎಂದಳು. ಗೊತ್ತಿಲ್ಲ ಎಂದೆ. ಅದಕ್ಕಷ್ಟೇ ಒಂದು ಸಣ್ಣ ಏಟು ಬಿತ್ತು, ಎಡಗಡೆಯ ಬುರುಡೆಗೆ. ಮನೆಗೆ ಬಂದು ಅವಳು ಅಪ್ಪನನ್ನು ಕೂರಿಸಿಕೊಂಡು ಮಾತಾಡಿದಳು. ಅಪ್ಪ ಗದಗದ ದನಿಗೆ ಇಳಿದು ಏನೇನೋ ಹೇಳಿದ: ಅವ್ವ, ಅವರ ಮನಿಯೊಳಗ ತಿಂಗಳ ಇದ್ದೇವಿ, ಶನಿವಾರ ಅವರಲ್ಲಿ ಸತ್ಯನಾರಾಯಣ ಪೂಜಿ ಐತಿ, ಎಲ್ಲಾರೂ ಬರ್ತಾರ, ಈಗ ಈ ಮಾತು ತಗೀಬ್ಯಾಡ. ಆಯಿ ಎದ್ದು ರೊಟ್ಟಿ ಬಡಿಯಲು ಹೋದಳು. ಅವತ್ತಿನ ರೊಟ್ಟಿಯ ಸದ್ದು ಗ್ಯಾರೇಜಿಗೂ ಕೇಳುತ್ತಿತ್ತು. ನಾನು ಹಿಂದೆ ಹೋಗಿ, ನೀನು ಹೇಳುತ್ತೀಯಲ್ಲ, ಶನಿವಾರ, ಎಲ್ಲರ ಮುಂದೆ ಎಂದು ಕೇಳಿದೆ.

“ನಾ ಯಾಕ ಹೇಳ್ಲಿ? ಕಡಿಸ್ಕೊಂಡಾಂವ ನೀ,” ಎಂದಳು. “ಊರವ್ರದೆಲ್ಲ ದನಿ ತಗೀತೀಯಲ್ಲ. ಒಂದ್ಸಲ ನಿಂದ ತಗದು ನೋಡು.”

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮೂರನೇ ಸೂಜಿ. ಪೂಜೆ ಅದಕ್ಕೆ ಮೊದಲು. ವಸಂತ್ ಅಂಕಲ್ ಮನೆ ತುಂಬ ಜನ, ಬಾಗಿಲಲ್ಲಿ ಚಪ್ಪಲಿಯ ರಾಶಿ, ಪಂಚೆಯ ಕೆಳಗೆ ಸಾಕ್ಸ್ ಹಾಕಿದ ಗಂಡಸರು. ಲಡ್ಡುವನ್ನು ಗ್ಯಾರೇಜಿನಲ್ಲಿ ಕೂಡಿಹಾಕಿದ್ದರು. ಅಂಕಲ್ ಬೆಂಗಳೂರಿನವರು, ದೊಡ್ಡ ನಗು, ಎಲ್ಲರ ಬೆನ್ನು ತಟ್ಟುವವರು. ನನ್ನ ಬೆನ್ನನ್ನೂ ಎರಡು ಸಲ ತಟ್ಟಿದರು, ಎರಡನೆಯದು ಸ್ವಲ್ಪ ಹೆಚ್ಚಾಗಿಯೇ. ಕಥೆ ಮುಗಿಯಿತು, ಮಂಗಳಾರತಿ ಆಯಿತು, ಎಲ್ಲರೂ ಪೇಪರ್ ಪ್ಲೇಟಿನಲ್ಲಿ ಸಪಾದ ಹಿಡಿದು ಕೂತರು. ತುಪ್ಪ ಸುರಿಯುವ ರವೆಯ ಪ್ರಸಾದ. ನಾನು ಎಡಗೈಯಲ್ಲಿ ಚಮಚ ಹಿಡಿದು ಎರಡನೇ ಸಲ ಹಾಕಿಸಿಕೊಂಡೆ. ಅಪ್ಪ ಗಡಿಯಾರ ನೋಡಿದ. ಆಗ ಅಂಕಲ್, ಯಾಕೆ ಬೇಕಿತ್ತೋ, ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಮಾತಾಡಿಸಿದರು.

“ಏನೋ ಹೀರೋ, ನಿನ್ನ ಬೀದಿ ನಾಯಿ ಸಿಕ್ತಾ? ಪೋಸ್ಟರ್ ನೋಡಿದೆ. ನಮ್ಮ ಲಡ್ಡುನ ನೋಡಿ ಕಲೀಬೇಕು ಅವೆಲ್ಲ. ಬಾಯೊಳಗೆ ಕೈ ಇಟ್ರೂ ಕಚ್ಚಲ್ಲ.”

ಜನ ನಕ್ಕರು. ನಾನು ತಟ್ಟೆ ಕೆಳಗಿಟ್ಟೆ. ಬಾಯಿಗೆ ಮೊದಲು ಬಂದದ್ದು ಅಂಕಲ್ ದನಿಯೇ. ಅದು ಕೈಗೆ ಸಿಗುವ ಹಾಗೆ ಇತ್ತು. ‘ಥ್ಯಾಂಕ್ಸ್ ಮಾರಾಯ, ದೊಡ್ಡ ಉಪಕಾರ ಮಾಡಿದೆ. ಹ್ಞಾಂ, ಹುಡುಗ ಹೇಗಿದಾನೆ?’ ಎಂದೆ. ಜನ ಇನ್ನೂ ಜೋರಾಗಿ ನಕ್ಕರು, ಎಷ್ಟು ಸರಿಯಾಗಿ ತೆಗೆಯುತ್ತಾನೆ ನೋಡಿ ಎಂದರು. ನಗದವರು ಮೂರೇ ಜನ: ಅಂಕಲ್, ಅಪ್ಪ, ಅಮ್ಮ. ಗೋಡೆಗೊರಗಿ ಕೂತಿದ್ದ ಆಯಿ ನನ್ನನ್ನೇ ನೋಡುತ್ತಿದ್ದಳು, ಏಳರ ಮಗ್ಗಿಯಲ್ಲಿ ತಪ್ಪಿದಾಗ ನೋಡಿದ ಹಾಗೆ. ಸರಿ, ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದೆ.

“ನಂಗೆ ಕಚ್ಚಿದ್ದು ಲಡ್ಡು, ಅಂಕಲ್. ಬೀದಿ ನಾಯಿ ಇಲ್ಲ. ಮೂರು ಗಂಟೆಗೆ ಸೂಜಿ ಇದೆ, ನಾನು ಹೋಗಲ್ಲ.”

ಆ ದನಿ ನನಗೇ ಪರಿಚಯವಿರಲಿಲ್ಲ. ಸಣ್ಣಗಿತ್ತು, ಸ್ವಲ್ಪ ಮೂಗಿನಲ್ಲಿತ್ತು, ಮೈಸೂರೂ ಅಲ್ಲ ಗದಗವೂ ಅಲ್ಲ. ಅಂಕಲ್ ಸುತ್ತ ನೋಡಿ ಕೈ ಚೆಲ್ಲಿ ನಕ್ಕರು. ಇವನ ನಾಟಕ ನಮಗೆ ಗೊತ್ತಿಲ್ಲವೇ, ಇವನು ನಿಜ ಹೇಳಿದ ದಿನ ಸೀಯಾಟಲ್‌ನಲ್ಲಿ ಮಳೆ ನಿಲ್ಲುತ್ತದೆ ಎಂದರು. ಎಲ್ಲರೂ ಒಪ್ಪಿ ತಲೆಯಾಡಿಸಿದರು. ನ್ಯಾಯವೇ, ವರ್ಷಗಟ್ಟಲೆ ಎಲ್ಲರ ದನಿಯನ್ನೂ ಕದ್ದವನು ತನ್ನದೊಂದನ್ನು ತೋರಿಸಿದರೆ ಅದನ್ನೂ ಕದ್ದದ್ದೆಂದೇ ತಿಳಿಯುತ್ತಾರೆ. ಬೇರೆ ದಾರಿ ಇರಲಿಲ್ಲ. ಪೂಜೆಯ ಮನೆಯಲ್ಲಿ, ಕಲಶದ ಮುಂದೆ, ಹೊಸ ಕುರ್ತಾ ತೊಟ್ಟು ನಾನು ಬೊಗಳಿದೆ. ಗಂಟಲಿನ ಗುರುಗುರು, ಎದೆಯಿಂದ ಎರಡು, ಮೂಗಿನಿಂದ ಒಂದು.

ಗ್ಯಾರೇಜಿನ ಬಾಗಿಲಿಗೆ ಏನೋ ಬಂದು ಅಪ್ಪಳಿಸಿತು. ಆಮೇಲೆ ಅದೇ ಬೊಗಳು, ಅಚ್ಚು ಅದೇ, ಆದರೆ ಹತ್ತು ಪಟ್ಟು. ಆರತಿ ತಟ್ಟೆ ಹಿಡಿದಿದ್ದವರು ಸೋಫಾ ಹತ್ತಿದರು. ಮಹಡಿಯಿಂದ ಅಂಕಲ್ ಮಗಳು ನಿಧಿ ಓಡಿ ಬಂದಳು. ಹೈಸ್ಕೂಲಿನವಳು, ಲಡ್ಡುವನ್ನು ಸಾಕುತ್ತಿದ್ದವಳು ನಿಜವಾಗಿ ಅವಳೇ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಎಲ್ಲ ಇಂಗ್ಲಿಷಿನಲ್ಲಿ. ಕಳೆದ ಶನಿವಾರವೂ ಲಡ್ಡು ಹೀಗೇ ಹುಚ್ಚಾಗಿ ಬೇಲಿಗೆ ಬಿದ್ದಿತ್ತು, ಯಾಕೆಂದು ತನಗೆ ಗೊತ್ತಾಗಿರಲಿಲ್ಲ, ಅದು ನೀನಾ ಎಂದು ನನ್ನನ್ನು ಕೇಳಿದಳು. ನಾನು ಕುರ್ತಾದ ತೋಳು ಮೇಲೆ ಮಾಡಿ ಬ್ಯಾಂಡೇಜ್ ತೋರಿಸಿದೆ. ಸೂಜಿ ಎಷ್ಟು ಹಾಕಿದರು ಎಂದಳು. ಎಣಿಸಿ ಹೇಳಿದೆ. ಅವಳು ತನ್ನ ಅಪ್ಪನ ಕಡೆ ಒಮ್ಮೆ ನೋಡಿ, ಅಡುಗೆಮನೆಗೆ ಹೋಗಿ, ಫ್ರಿಜ್‌ನ ಬಾಗಿಲಿನಿಂದ ಪಿಜ್ಜಾ ಅಂಗಡಿಯ ಮ್ಯಾಗ್ನೆಟ್ ಕಿತ್ತು ಒಂದು ಕಾಗದ ತಂದಳು. ಲಡ್ಡುವಿನ ರೇಬೀಸ್ ಲಸಿಕೆಯ ಸರ್ಟಿಫಿಕೇಟ್. ವಸಂತ ಕಾಲದಲ್ಲೇ ಹಾಕಿಸಿದ್ದು, ಇನ್ನೂ ಎರಡು ವರ್ಷ ನಡೆಯುತ್ತದೆ. ‘ನೋಬಡಿ ಆಸ್ಕ್ಡ್ ಮೀ’ ಎಂದಳು. ಏಳು ದಿನ ಅದು ಅಲ್ಲೇ ನೇತಾಡುತ್ತಿತ್ತು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಮ್ಮ ಆ ಕಾಗದದ ಫೋಟೋ ತೆಗೆದು, ಹೊರಗೆ ಹೋಗಿ, ಕ್ಲಿನಿಕ್ಕಿಗೆ ತಾನೇ ಫೋನ್ ಮಾಡಿ, ಸುಳ್ಳು ಹೇಳಿದ್ದೆ ಎಂದು ತನ್ನದೇ ಬಾಯಲ್ಲಿ ಹೇಳಿದಳು; ಮೂರನೇ ಸೂಜಿ ನನಗೆ ಬೀಳಲಿಲ್ಲ. ಲಡ್ಡುವಿಗೂ ಏನೂ ಆಗಲಿಲ್ಲ. ಆಫೀಸರ್ ಬಂದು ನೋಡಿ, ಹತ್ತು ದಿನದಲ್ಲಿ ಉಳಿದಷ್ಟು ದಿನ ಮನೆಯಲ್ಲೇ ಇರಲಿ ಎಂದು ಹೇಳಿ, ಅದರ ಕಿವಿ ತುರಿಸಿ ಹೋದಳು. ಆದರೆ ಆ ಹೊತ್ತಿನಲ್ಲಿ, ಸಪಾದ ಆರುತ್ತಿದ್ದ ಆ ಕೋಣೆಯಲ್ಲಿ, ವಸಂತ್ ಅಂಕಲ್ ಸೋಲಲು ತಯಾರಿರಲಿಲ್ಲ. ನೋಡಿ, ಇವನೇ ಕೆಣಕಿದ್ದು, ಎಲ್ಲರೂ ಕೇಳಿದಿರಲ್ಲ, ಇವನು ಬೊಗಳದಿದ್ದರೆ ಲಡ್ಡು ಯಾಕೆ ಕಚ್ಚುತ್ತಿತ್ತು, ಮೊದಲು ಸಾರಿ ಹೇಳಿಸಿ ಇವನ ಕೈಲಿ ಎಂದರು. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ‘ಹೇಳು’ ಎಂದ. ಲಡ್ಡುಗೆ ಹೇಳ್ತೀನಿ, ಇವರಿಗೆ ಹೇಳಲ್ಲ ಎಂದೆ. ಹೆಗಲ ಮೇಲಿನ ಕೈ ಭಾರವಾಯಿತು. ಹೇಳಲ್ಲ ಎಂದು ಮತ್ತೆ ಹೇಳಿದೆ. ಎರಡನೇ ಸಲಕ್ಕೆ ಆ ಹೊಸ ದನಿ ಸ್ವಲ್ಪ ಗಟ್ಟಿಯಾಗಿತ್ತು. ಗೋಡೆಯ ಪಕ್ಕದಲ್ಲಿ ಆಯಿ ನಿಧಾನವಾಗಿ ಮಂಡಿ ಹಿಡಿದು ಎದ್ದಳು, ಸಪಾದದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು, ಅಪ್ಪನ ಕೈಯನ್ನು ನನ್ನ ಹೆಗಲಿನಿಂದ ಎತ್ತಿ ಬದಿಗಿಟ್ಟಳು.

“ಕೆಣಕಿದ್ರ ಕಡಿಯೂದು ನಾಯಿ ಕೆಲಸ, ವಸಂತಪ್ಪಾರ. ಅದು ತನ್ನ ಕೆಲಸ ಮಾಡ್ತು. ‘ಹೌದು, ನಮ್ಮ ನಾಯಿ’ ಅನ್ನೂದು ನಿಮ್ಮ ಕೆಲಸ ಇತ್ತು. ಅದನ್ನ ಒಂಬತ್ತು ವರ್ಷದ ಹುಡುಗನ ತೋಳಿಗೆ ಯಾಕ ಬಿಟ್ರಿ?”